ಹಾಯಿದೋಣಿಗೆ ಕಂಪಾಸ್: ಯಾವುದು ತಗೋಬೇಕು, ಎಲ್ಲಿ ಕೂರಿಸಬೇಕು?

ಇವತ್ತಿನ ವಿಷಯ ಕಂಪಾಸ್. ಜಾಮಿಟ್ರಿ ಬಾಕ್ಸಿನ ಕೈವಾರ ಅಲ್ಲ, ದಿಕ್ಕು ತೋರಿಸೋ ದಿಕ್ಸೂಚಿ. ಅದೂ 20-25 ಅಡಿಯ ಸಣ್ಣ ಹಾಯಿದೋಣಿಗೆ ಹಾಕೋವಂಥದ್ದು.

"ಫೋನಲ್ಲೇ ಜಿಪಿಎಸ್ ಇದೆಯಲ್ಲ ಗುರು, ಇದ್ಯಾಕೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಿಪಿಎಸ್ ಹೇಳೋದು ದೋಣಿ ಯಾವ ಕಡೆ ಸಾಗ್ತಿದೆ ಅಂತ. ಅದರ ಮೂತಿ ಯಾವ ಕಡೆ ತಿರುಗಿದೆ ಅಂತ ಅಲ್ಲ. ಗಾಳಿ, ನೀರಿನ ಸೆಳೆತ ದೋಣಿಯನ್ನು ಪಕ್ಕಕ್ಕೆ ತಳ್ಳುವಾಗ ಇವೆರಡೂ ಬೇರೆ ಬೇರೆ ಆಗ್ತವೆ. ದೋಣಿ ನಿಂತಿದ್ರಂತೂ ಜಿಪಿಎಸ್‌ಗೆ ದಿಕ್ಕೇ ಗೊತ್ತಾಗಲ್ಲ. ಮಳೆ ಹೊಡೆದು ದಡ ಮರೆಯಾಗಿ, ಫೋನ್ ಕೂಡ ಸತ್ತುಹೋದ್ರೆ ಬ್ಯಾಟರಿ ಇಲ್ಲದೆ ದಿಕ್ಕು ತೋರಿಸೋದು ದಿಕ್ಸೂಚಿ ಮಾತ್ರ.

2022ರಲ್ಲಿ ಹೊರಟ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಜಿಪಿಎಸ್ ನೋಡಿ ದಾರಿ ಹಿಡಿಯೋ ಹಾಗಿರಲಿಲ್ಲ. ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ 36 ಅಡಿಯ ದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತಿ, 2023ರಲ್ಲಿ ಎರಡನೇ ಸ್ಥಾನ ಪಡೆದರು. ಸೆಕ್ಸ್‌ಟಂಟ್, ಕಾಗದದ ನಕ್ಷೆ, ದಿಕ್ಸೂಚಿ ನಂಬಿಕೊಂಡು!

ನಾನು ಬಿಕಾಂ ಓದಿದವನು, ಹಾಗಾಗಿ ಮೊದಲು ಲೆಕ್ಕ. ದಿಕ್ಸೂಚಿ 5 ಡಿಗ್ರಿ ತಪ್ಪು ತೋರಿಸಿದ್ರೆ, 12 ನಾಟಿಕಲ್ ಮೈಲಿ ಹೋಗೋ ಹೊತ್ತಿಗೆ ನೀವು ಸುಮಾರು 1 ನಾಟಿಕಲ್ ಮೈಲಿ, ಅಂದ್ರೆ 1.85 ಕಿಲೋಮೀಟರ್ ಪಕ್ಕಕ್ಕೆ ಸರಿದಿರ್ತೀರಿ. ಕತ್ತಲಲ್ಲಿ ಬಂದರಿನ ಬಾಯಿ ಬದಲು ಬಂಡೆ ಸಿಗೋಕೆ ಇಷ್ಟು ಸಾಕು.

ಈಗ ಆಯ್ಕೆ. ಹಾಯಿದೋಣಿ ಗಾಳಿಗೆ ಒಂದು ಕಡೆ ವಾಲಿಕೊಂಡೇ ಓಡುತ್ತೆ. ಆದ್ದರಿಂದ 25-30 ಡಿಗ್ರಿ ವಾಲಿದಾಗಲೂ ಒಳಗಿನ ಡಯಲ್ ತಡೆಯಿಲ್ಲದೆ ತಿರುಗಬೇಕು. ಕಾರಿನ ಡ್ಯಾಶ್‌ಬೋರ್ಡ್‌ಗೆ ಅಂಟಿಸೋ ಆಟಿಕೆ ಇಲ್ಲಿ ನಡೆಯಲ್ಲ. ಒಳಗಿನ ದ್ರವದಲ್ಲಿ ಗುಳ್ಳೆ ಇದ್ರೆ ತಗೋಬೇಡಿ. ನೀವು ಕೂರೋ ಜಾಗ ದೂರ ಇದ್ದಷ್ಟೂ ಡಯಲ್ ದೊಡ್ಡದಿರಲಿ. ಚುಕ್ಕಾಣಿ ಹಿಡಿಯೋರು ದೋಣಿಯ ಒಂದು ಬದಿಗೆ ಕೂರೋದ್ರಿಂದ, ನಡುಗೆರೆಯ ಜೊತೆಗೆ ಎರಡೂ ಪಕ್ಕ 45 ಡಿಗ್ರಿಯ ಗೆರೆ ಇರೋದು ಅನುಕೂಲ.

ಇನ್ನೊಂದು ಸೂಕ್ಷ್ಮ ಇದೆ. ಭೂಮಿಯ ಕಾಂತಬಲ ಧ್ರುವಗಳ ಕಡೆ ಹೋದಷ್ಟೂ ಮುಳ್ಳನ್ನು ಕೆಳಕ್ಕೆ ಎಳೆಯುತ್ತೆ. ಕಾಂತೀಯ ಸಮಭಾಜಕ ನಮ್ಮ ದಕ್ಷಿಣ ಭಾರತದ ಹತ್ತಿರವೇ ಹಾದುಹೋಗುತ್ತೆ. ರಾಕೆಟ್ ಉಡಾವಣೆಗೆ ತುಂಬಾವನ್ನು ಆರಿಸಿದ್ದಕ್ಕೂ ಇದೇ ಕಾರಣ. ಹಾಗಾಗಿ ನಮ್ಮಲ್ಲಿ ಮುಳ್ಳು ಹೆಚ್ಚುಕಮ್ಮಿ ಸಮತಟ್ಟಾಗಿ ನಿಲ್ಲುತ್ತೆ. ಉತ್ತರ ಯುರೋಪಿಗೆಂದು ತೂಕ ಹೊಂದಿಸಿದ ದಿಕ್ಸೂಚಿ ಇಲ್ಲಿ ಡಯಲ್ ವಾಲಿಸಿಕೊಳ್ಳಬಹುದು. ಯಾವ ವಲಯಕ್ಕೆ ಮಾಡಿದ್ದು ಅಂತ ಕೇಳಿಯೇ ಕೊಳ್ಳಿ.

ಕೂರಿಸೋದು ಹೇಗೆ? ಮೊದಲೇ ಡ್ರಿಲ್ ಹಿಡೀಬೇಡಿ. ಡಬಲ್ ಟೇಪ್‌ನಲ್ಲಿ ಅಂಟಿಸಿ ನೋಡಿ. ಸ್ಪೀಕರ್, ಎಂಜಿನ್, ಬ್ಯಾಟರಿ, ಕಬ್ಬಿಣದ ಲಂಗರು ಇವೆಲ್ಲ ಕನಿಷ್ಠ ಒಂದು ಮೀಟರ್ ಆಚೆ ಇರಲಿ. ಗೋಡೆಯ ಹಿಂಬದಿಯನ್ನೂ ನೋಡಿ, ಅಲ್ಲಿ ಅಡುಗೆ ಚಾಕು, ಡಬ್ಬಿ ಇಟ್ಟಿರ್ತಾರೆ. ನಿಮ್ಮ ಫೋನ್ ಹತ್ತಿರ ತನ್ನಿ, ಸ್ಪೀಕರಿನ ಆಯಸ್ಕಾಂತಕ್ಕೆ ಮುಳ್ಳು ಹೇಗೆ ಓಡುತ್ತೆ ಅಂತ ಕಣ್ಣಾರೆ ಕಾಣುತ್ತೆ. ಆಮೇಲೆ ದೀಪ, ರೇಡಿಯೋ ಒಂದೊಂದಾಗಿ ಆನ್ ಮಾಡಿ. ಡಯಲ್ ಅಲುಗಾಡದಿದ್ರೆ ಜಾಗ ಸರಿ.

ದಿಕ್ಸೂಚಿಯ ನಡುಗೆರೆ ದೋಣಿಯ ಉದ್ದದ ನಡುರೇಖೆಗೆ ಸಮಾನಾಂತರವಾಗಿರಬೇಕು. ಇಲ್ಲಿ ಓರೆಯಾದ್ರೆ ಎಲ್ಲಾ ದಿಕ್ಕಿನಲ್ಲೂ ಅಷ್ಟೇ ಡಿಗ್ರಿ ತಪ್ಪು. ಸ್ಕ್ರೂ ಹಿತ್ತಾಳೆಯದ್ದೇ ಇರಲಿ. ದೀಪದ ಎರಡು ವೈರ್‌ಗಳನ್ನು ಒಂದಕ್ಕೊಂದು ಹೆಣೆದು ಎಳೀರಿ, ಆಗ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಕಳೆದುಹಾಕುತ್ತೆ.

ಕೊನೇ ಕೆಲಸ ತಾಳೆ ನೋಡೋದು. ಅಲೆ ಇಲ್ಲದ ದಿನ, ನಕ್ಷೆಯಲ್ಲಿರೋ ಎರಡು ಗುರುತು, ಉದಾಹರಣೆಗೆ ಒಂದು ದೀಪಸ್ತಂಭ ಮತ್ತು ಒಂದು ಗೋಪುರ, ಒಂದೇ ಸಾಲಿಗೆ ಬರೋ ಕಡೆ ಹೋಗಿ. ಆ ಸಾಲಿನ ದಿಕ್ಕು ನಕ್ಷೆಯಿಂದ ಗೊತ್ತಾಗುತ್ತೆ. ನಕ್ಷೆಯ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ಇರೋ ವ್ಯತ್ಯಾಸವನ್ನೂ ಲೆಕ್ಕಕ್ಕೆ ತಗೊಳ್ಳಿ. ನಮ್ಮ ಕರಾವಳಿಯಲ್ಲಿ ಅದು ಚಿಕ್ಕದು, ಬೇರೆ ಕೆಲವು ಕಡೆ 15 ಡಿಗ್ರಿಯೂ ದಾಟುತ್ತೆ. ಮೂತಿಯನ್ನು 45 ಡಿಗ್ರಿಗೊಮ್ಮೆಯಂತೆ ಎಂಟು ದಿಕ್ಕಿಗೆ ತಿರುಗಿಸಿ, ಪ್ರತಿ ಸಲ ಆ ಸಾಲು ದಾಟುವಾಗ ಅದು ಮೂತಿಯಿಂದ ಎಷ್ಟು ಡಿಗ್ರಿಯಲ್ಲಿದೆ ಅಂತ ಅಳೆದು, ದಿಕ್ಸೂಚಿಯ ಓದಿಗೆ ಸೇರಿಸಿ. ಬಂದ ಉತ್ತರಕ್ಕೂ ಸಾಲಿನ ನಿಜವಾದ ದಿಕ್ಕಿಗೂ ಇರೋ ಅಂತರವೇ ದೋಷ. ಅದು ಒಂದೊಂದು ದಿಕ್ಕಿಗೆ ಒಂದೊಂದು ಥರ ಇರುತ್ತೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಇದು ಬ್ಯಾಂಕ್ ರಿಕನ್ಸಿಲಿಯೇಷನ್ ಇದ್ದಂತೆ: ಪಾಸ್‌ಬುಕ್ಕಿಗೂ ಕ್ಯಾಶ್‌ಬುಕ್ಕಿಗೂ ಇರೋ ವ್ಯತ್ಯಾಸ ಗೊತ್ತಿದ್ರೆ ಭಯ ಇಲ್ಲ, ಗೊತ್ತಿಲ್ಲದಿದ್ರೆ ಮಾತ್ರ ಅಪಾಯ.

ಒಳಗೆ ಹೊಂದಾಣಿಕೆ ಆಯಸ್ಕಾಂತ ಇರೋ ಮಾಡೆಲ್‌ನಲ್ಲಿ ತಪ್ಪನ್ನು ಬಹುಪಾಲು ಕಡಿಮೆ ಮಾಡಬಹುದು. ಉಳಿದದ್ದನ್ನು ಕಾರ್ಡ್‌ನಲ್ಲಿ ಬರೆದು ಪಕ್ಕದಲ್ಲೇ ಅಂಟಿಸಿ. ಹೊಸ ಸ್ಪೀಕರ್ ಹಾಕಿದ ದಿನ ಇದೇ ಕೆಲಸ ಮತ್ತೊಮ್ಮೆ ಮಾಡಿ. ದೋಣಿ ಹತ್ತೋ ಗೆಳೆಯರಿಗೂ ಹೇಳಿಬಿಡಿ: ಫೋನ್ ಜೇಬಲ್ಲಿರಲಿ, ದಿಕ್ಸೂಚಿ ಪಕ್ಕದಲ್ಲಿ ಮಾತ್ರ ಬೇಡ. ಮುಂದಿನ ಕಂತಿನಲ್ಲಿ ಸಿಗೋಣ.