ಬಿಳಿಗಣ್ಣಿನ ನೊಣ ಕಲಿಸಿದ ಲೆಕ್ಕ

ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ಕೆಂಗಣ್ಣಿನ ನೊಣಗಳನ್ನು ನೀವು ನೋಡಿರುತ್ತೀರಿ. ಅವೇ ಡ್ರಾಸೊಫಿಲ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆ ನೊಣವಾಗಲು ಸುಮಾರು 10 ದಿನ ಸಾಕು. ವರ್ಣತಂತುಗಳು ನಾಲ್ಕೇ ಜೊತೆ. ಅನುವಂಶೀಯತೆಯ ಪ್ರಯೋಗಗಳಿಗೆ ಇದಕ್ಕಿಂತ ಅನುಕೂಲದ ಜೀವಿ ಅಪರೂಪ.

1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರಿಗೆ ಬಿಳಿಗಣ್ಣಿನ ಗಂಡುನೊಣವೊಂದು ಸಿಕ್ಕಿತು. ಅದನ್ನು ಕೆಂಗಣ್ಣಿನ ಹೆಣ್ಣುಗಳೊಡನೆ ಕೂಡಿಸಿದಾಗ ಹುಟ್ಟಿದ ಸಂತತಿ ಬಹುತೇಕ ಎಲ್ಲವೂ ಕೆಂಗಣ್ಣಿನವು. ಅವನ್ನೇ ಪರಸ್ಪರ ಕೂಡಿಸಿದಾಗ ಎರಡನೆಯ ಪೀಳಿಗೆಯಲ್ಲಿ ಬಂದದ್ದು 2,459 ಕೆಂಗಣ್ಣಿನ ಹೆಣ್ಣು, 1,011 ಕೆಂಗಣ್ಣಿನ ಗಂಡು, 782 ಬಿಳಿಗಣ್ಣಿನ ಗಂಡು. ಬಿಳಿಗಣ್ಣಿನ ಹೆಣ್ಣು? ಸೊನ್ನೆ! ಈ ಸೊನ್ನೆಯೇ ಮುಖ್ಯ.

ಈ ಕಣ್ಣಿನ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಎಕ್ಸ್ ಒಂದೇ, ಅದೂ ತಾಯಿಯದು. ಹೆಣ್ಣಿಗೆ ಎರಡು, ಒಂದು ಕೆಂಗಣ್ಣಿನ ತಂದೆಯಿಂದ ಬಂದದ್ದು. ಹಾಗಾಗಿ ತಾಯಿಯಿಂದ ಬಂದ ಬಿಳಿಗಣ್ಣಿನ ಜೀನ್ ಮಗಳಲ್ಲಿ ಅಡಗಿರುತ್ತದೆ, ಮಗನಲ್ಲಿ ಪ್ರಕಟವಾಗುತ್ತದೆ.

ಮನುಷ್ಯರಲ್ಲಿ ಕುಸುಮ ರೋಗವೂ ಇದೇ ದಾರಿಯಲ್ಲಿ ಸಾಗುತ್ತದೆ. ಆರೋಗ್ಯವಂತ ದಂಪತಿಗೆ ರೋಗವಿರುವ ಮಗ ಹುಟ್ಟಿದರೆ ಶಾಪ, ಪಾಪ ಎಂದು ತಾಯಿಯನ್ನು ದೂರುವವರಿದ್ದಾರೆ. ತರಗತಿಯಲ್ಲಿ ಈ ನೊಣಗಳ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿ. ಬಿಳಿಗಣ್ಣಿನ ಹೆಣ್ಣು ಬೇಕಾದರೆ ಯಾವ ಜೋಡಿಯನ್ನು ಕೂಡಿಸಬೇಕೆಂದು ವಿದ್ಯಾರ್ಥಿಗಳನ್ನೇ ಕೇಳಿ. ಮಾರ್ಗನ್ ಮೊದಲ ಪೀಳಿಗೆಯ ಹೆಣ್ಣುಗಳನ್ನು ಬಿಳಿಗಣ್ಣಿನ ಗಂಡಿನೊಡನೆ ಕೂಡಿಸಿ ಅದನ್ನೂ ಪಡೆದಿದ್ದರು.