ಓಣಿಯ ಸಭೆಯೇ ಸಂಘಟನೆಯ ಬೇರು

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ನೆಲವನ್ನು ತಣಿಸುತ್ತ ಮುಂದೆ ಸಾಗುತ್ತಾಳೆ. ಶರಣೆ ಗಂಗಾಂಬಿಕೆಯವರ ಐಕ್ಯಸ್ಥಳವಾದ ಎಂ.ಕೆ. ಹುಬ್ಬಳ್ಳಿಯೂ, ಪೂಜ್ಯ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವೂ ಇದೇ ನದಿಯ ದಂಡೆಯಲ್ಲಿವೆ. ಧರ್ಮ, ವಿದ್ಯೆ, ದಾಸೋಹಗಳ ಪರಂಪರೆಗೆ ಈ ನಾಡಿನಲ್ಲಿ ಕೊರತೆಯಿಲ್ಲ. ಆದರೂ ನಮ್ಮ ಅನೇಕ ಸೇವಾ ಸಂಘಗಳು ಬಸವ ಜಯಂತಿಯ ಮೆರವಣಿಗೆಯಂದು ಎಚ್ಚೆತ್ತು ಮರುದಿನವೇ ಮತ್ತೆ ಮಲಗಿಬಿಡುವುದೇಕೆ?

ನಮ್ಮ ಹಿರಿಯರ ಕಡೆಗೊಮ್ಮೆ ನೋಡೋಣ. ಕುಮಾರ ಶಿವಯೋಗಿಗಳ ಪ್ರೇರಣೆಯಿಂದ 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆ ಸ್ಥಾಪನೆಗೊಂಡಾಗ, ಧಾರವಾಡದ ಪ್ರಥಮ ಅಧಿವೇಶನದ ಅಧ್ಯಕ್ಷರಾದವರು ಸವದತ್ತಿ ತಾಲೂಕಿನ ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ಬಡ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. ಹತ್ತು ವರ್ಷಗಳ ತರುವಾಯ, 1916ರಲ್ಲಿ, ಏಳು ಜನ ತರುಣ ಶಿಕ್ಷಕರು ಕೂಡಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಅದೇ ಸಂಸ್ಥೆ 1933ರಲ್ಲಿ ಆರಂಭಿಸಿದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂದಿತು. ಅಧಿವೇಶನವು ದಾರಿ ತೋರಿತು, ನಿಜ. ಆದರೆ ಆ ದಾರಿಯಲ್ಲಿ ನಡೆದವರು ಕೂಡಿ ಕುಳಿತು ಹೊಣೆ ಹೊತ್ತ ಕೆಲವೇ ಜನರು ಎಂಬುದನ್ನು ನಾವು ಮರೆಯಬಾರದು.

ಜಿಲ್ಲಾ ಸಮಾವೇಶದಲ್ಲಿ ವೇದಿಕೆ ದೊಡ್ಡದು, ಹಾರ ತುರಾಯಿಗಳೂ ಬಹಳ. ಹಳ್ಳಿಯಿಂದ ಬಂದ ಸದಸ್ಯ ಹಿಂದಿನ ಸಾಲಿನಲ್ಲಿ ಕುಳಿತು ಭಾಷಣ ಕೇಳಿ, ಕೊನೆಯ ಬಸ್ಸು ಹಿಡಿದು ಊರಿಗೆ ಮರಳುತ್ತಾನೆ. ಅವನ ಮಾತನ್ನು ಯಾರೂ ಕೇಳಿರುವುದಿಲ್ಲ, ಅವನಿಗೆ ಯಾವ ಕೆಲಸವನ್ನೂ ಒಪ್ಪಿಸಿರುವುದಿಲ್ಲ. ಓಣಿಯ ಸಭೆಯಲ್ಲಾದರೋ ಹಿಂದಿನ ಸಾಲೇ ಇರುವುದಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಪಟ್ಟಣಕ್ಕೂ ದಂಡೆಯ ಹಳ್ಳಿಗಳಿಗೂ ನೆರೆ ನುಗ್ಗಿದ್ದನ್ನು ನೆನೆಯಿರಿ. ಅಂಥ ಹೊತ್ತಿನಲ್ಲಿ ಯಾವ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿದ್ದಾರೆ, ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರ ದನಗಳನ್ನು ಮೊದಲು ಬಿಚ್ಚಬೇಕು ಎಂಬುದನ್ನು ಬಲ್ಲವರು ಆ ಓಣಿಯವರೇ. ತಿಂಗಳಿಗೊಮ್ಮೆ ಕೂಡುವವರಿಗೆ ಇದು ಬಾಯಿಪಾಠವಾಗಿರುತ್ತದೆ. ಎಂದೂ ಕೂಡದವರು ನೀರು ಹೊಸ್ತಿಲಿಗೆ ಬಂದ ಮೇಲೆ ಒಬ್ಬರನ್ನೊಬ್ಬರು ಹುಡುಕಬೇಕಾಗುತ್ತದೆ.

ಹಾಗಾದರೆ ಸಭೆ ಹೇಗಿರಬೇಕು? ಮೊದಲು ದಿನ ಗೊತ್ತಾಗಿರಲಿ. ಗದಗಿನ ತೋಂಟದಾರ್ಯ ಮಠದ ಸೋಮವಾರದ ಶಿವಾನುಭವಕ್ಕೆ ಜನರು ಕರೆಯೋಲೆಯಿಲ್ಲದೆ ಬಂದದ್ದು ಆ ನಿಯತಿಯ ಬಲದಿಂದಲೇ. ಬಿತ್ತನೆ, ಸುಗ್ಗಿ, ಯಲ್ಲಮ್ಮನ ಹುಣ್ಣಿಮೆಗಳ ಗಡಿಬಿಡಿಯನ್ನು ಬಿಟ್ಟು ದಿನ ಆರಿಸಿಕೊಳ್ಳಬೇಕು. ಸ್ಥಳ ಗುಡಿಯ ಕಟ್ಟೆಯಾಗಲಿ, ಮಠದ ಪಡಸಾಲೆಯಾಗಲಿ, ಸರದಿಯಂತೆ ಒಬ್ಬೊಬ್ಬರ ಮನೆಯಾಗಲಿ. ಒಂದು ತಾಸು ಸಾಕು. ಪ್ರಾರ್ಥನೆಯಾದ ಬಳಿಕ ಜಮಾ-ಖರ್ಚನ್ನು ಎಲ್ಲರೆದುರು ಓದಬೇಕು. ಹಿಂದಿನ ಸಭೆಯಲ್ಲಿ ಒಪ್ಪಿಕೊಂಡ ಕೆಲಸ ಆಯಿತೋ ಇಲ್ಲವೋ ಕೇಳಬೇಕು. ಮುಂದಿನ ತಿಂಗಳಿಗೆ ಒಂದೇ ಕಾರ್ಯವನ್ನು ಆರಿಸಿ, ಯಾರು ಎಂದಿನೊಳಗೆ ಮಾಡುವರೆಂದು ಬರೆದಿಡಬೇಕು. ಬಡ ವಿದ್ಯಾರ್ಥಿಯ ಶುಲ್ಕ, ಸರಳ ಸಾಮೂಹಿಕ ವಿವಾಹದ ಸಿದ್ಧತೆ, ರಕ್ತದಾನ, ಕೆರೆಯ ಸ್ವಚ್ಛತೆ: ಕೆಲಸಕ್ಕೇನು ಬರವೇ?

ತಾಯಂದಿರನ್ನು ಪ್ರಸಾದದ ಏರ್ಪಾಡಿಗಷ್ಟೇ ಕರೆಯುವ ರೂಢಿ ನಿಲ್ಲಲಿ. ಅನುಭವ ಮಂಟಪದ ಪರಂಪರೆಯವರಾದ ನಮಗೆ ಅದು ಶೋಭೆಯಲ್ಲ. ಲೆಕ್ಕದ ಪುಸ್ತಕ ಅವರ ಕೈಯಲ್ಲಿರಲಿ. ಉದ್ಯೋಗಕ್ಕಾಗಿ ಹುಬ್ಬಳ್ಳಿ, ಬೆಂಗಳೂರು, ಪುಣೆ ಸೇರಿದ ಮಕ್ಕಳು ಹಬ್ಬಕ್ಕೆ ಬಂದಾಗ ಒಂದು ವಿಶೇಷ ಸಭೆ ಸೇರಿಸಿ, ಅವರು ಊರಿಗೆ ಏನು ಮಾಡಬಲ್ಲರೆಂದು ಕೇಳಬೇಕು. ಹೊಸಬರ ಮುಂದೆ ಮೊದಲೇ ರಸೀದಿ ಪುಸ್ತಕ ಹಿಡಿಯುವುದು ಬೇಡ. ಅವರಿಗೆ ಮೊದಲು ಒಂದು ಕೆಲಸ ಕೊಡಿ. ಸೇವೆಯ ಸವಿ ಕಂಡವರು ತಾವಾಗಿಯೇ ಸದಸ್ಯರಾಗುತ್ತಾರೆ.

ಮೂರು ತಿಂಗಳಿಗೊಮ್ಮೆ ನಾಲ್ಕೂ ತಾಲೂಕಿನವರು ಸರದಿಯಂತೆ ಒಂದೊಂದು ಊರಿನಲ್ಲಿ ಕೂಡಲಿ. ಕಿತ್ತೂರಿನವರು ಮಾಡಿ ಗೆದ್ದದ್ದನ್ನು ರಾಮದುರ್ಗದವರು ಕಲಿಯಲಿ. ಬೈಲಹೊಂಗಲದವರಿಗೆ ಒದಗಿದ ತೊಡಕಿಗೆ ಸವದತ್ತಿಯವರು ಹೆಗಲು ಕೊಡಲಿ.

ಬಂಧುಗಳೇ, ಮೇಲಿನಿಂದ ಆದೇಶ ಬರಲೆಂದು ಕಾಯುವುದು ಬೇಡ. ಬರುವ ಶ್ರಾವಣದಲ್ಲಿ ನಿಮ್ಮ ಓಣಿಯ ಐದು ಮನೆಯವರನ್ನು ಕರೆದು ಕೂಡಿಸಿರಿ, ಒಂದು ಕೆಲಸ ಹಿಡಿಯಿರಿ, ಅದನ್ನು ಮುಗಿಸಿರಿ. ಆರನೆಯ ಮನೆಯವರು ತಾವೇ ಬಂದು ಕುಳಿತುಕೊಳ್ಳುತ್ತಾರೆ.