ಕೇಳಿಸುತ್ತದೆ, ತಿಳಿಯುವುದಿಲ್ಲ

"ಸ್ವಾಮಿ, ನಿಮ್ಮ ಪ್ರಬೋಧನೆ ಕೇಳಿಸುತ್ತೆ, ಏನು ಹೇಳಿದಿರಿ ಅಂತ ತಿಳಿಯೋದಿಲ್ಲ." ಪೂಜೆಯ ನಂತರ ಅಜ್ಜಿಯೊಬ್ಬರು ಹೀಗೆಂದಾಗ ನಾನು ಧ್ವನಿವರ್ಧಕವನ್ನು ದೂರಿದೆ. ತಪ್ಪು ಅದರದಾಗಿರಲಿಲ್ಲ.

ಪ್ರಿಯರೇ, ವಯಸ್ಸಾದಂತೆ ಒಳಕಿವಿಯ ಕೂದಲಿನಂಥ ಸೂಕ್ಷ್ಮ ಕೋಶಗಳು ನಶಿಸುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಮರೆಯಾಗುವುದು ಕೀರಲು ಸದ್ದುಗಳು. 'ಆ', 'ಓ' ಸ್ವರಗಳು ಉಳಿಯುತ್ತವೆ, 'ಸ', 'ಶ' ಜಾರಿಹೋಗುತ್ತವೆ. 'ಸಾಲು', 'ಕಾಲು', 'ಹಾಲು' ಮೂರೂ ಒಂದೇ ಎನಿಸಬಹುದು. ಆದ್ದರಿಂದಲೇ ಮನೆಯವರು ಕಿರುಚಿ ಪ್ರಯೋಜನವಿಲ್ಲ. ಮುಖ ಕಾಣುವಂತೆ ಕುಳಿತು ನಿಧಾನವಾಗಿ ಮಾತಾಡಬೇಕು.

ಮೊದಲು ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಗುಗ್ಗೆ ಕಟ್ಟಿರುವುದೇ ಕಾರಣ. (ಒಮ್ಮೆಲೇ ಕಿವಿ ಕೇಳದಾದರೆ ತಡಮಾಡದೆ ಅಂದೇ ಹೋಗಿ.) ಆಮೇಲೆ ಶ್ರವಣ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಪರೀಕ್ಷೆಯಿಲ್ಲದೆ ಅಂಗಡಿಯಿಂದ ಯಂತ್ರ ತರಬೇಡಿ. ಎರಡೂ ಕಿವಿ ಮಂದವಾಗಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಹಾಕುವುದು ಒಳ್ಳೆಯದು. ಬೆರಳು ನಡುಗುವವರಿಗೆ ಕಿವಿಯೊಳಗೆ ಅಡಗುವ ಪುಟ್ಟದ್ದಕ್ಕಿಂತ ಕಿವಿಯ ಹಿಂದೆ ಕೂರುವ ಯಂತ್ರವೇ ಅನುಕೂಲ.

ನಮ್ಮ ಅಜ್ಜಿಯೂ ಯಂತ್ರ ತಂದರು. ನಾಲ್ಕೇ ದಿನಕ್ಕೆ ಪೆಟ್ಟಿಗೆಗೆ ಹಾಕಿದರು. "ಫ್ಯಾನ್ ಸದ್ದು, ಪಾತ್ರೆ ಸದ್ದು, ನನ್ನ ದನಿಯೇ ಕೊಡದೊಳಗಿಂದ ಬಂದ ಹಾಗೆ!" ಎಷ್ಟೋ ಯಂತ್ರಗಳ ಗತಿ ಇದೇ. ವರ್ಷಗಟ್ಟಲೆ ಕೇಳದ ಸದ್ದುಗಳನ್ನು ಮಿದುಳು ಮತ್ತೆ ಕಲಿಯಬೇಕು, ಅದಕ್ಕೆ ವಾರಗಳೇ ಬೇಕು. ಮೊದಲು ಸದ್ದಿಲ್ಲದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆ, ಒಬ್ಬರೊಡನೆ ಮಾತು, ಬಳಿಕ ಟಿವಿ, ಕಡೆಗೆ ಸಂತೆ, ಮದುವೆಮನೆ. ಹಿಂಸೆಯಾದರೆ ಶ್ರವಣತಜ್ಞರು ಯಂತ್ರವನ್ನು ಸರಿಹೊಂದಿಸಿಕೊಡುತ್ತಾರೆ. ಅಜ್ಜಿ ಮೂರು ಸಲ ಹೋಗಿಬಂದರು.

ಕಳೆದ ಭಾನುವಾರ ಮುಂದಿನ ಬೆಂಚಿನಿಂದ ಎದ್ದುಬಂದು, "ಸ್ವಾಮಿ, ಪ್ರಬೋಧನೆ ಸ್ವಲ್ಪ ಉದ್ದ ಆಯ್ತು" ಎಂದರು.